ಹಿಂದಿನ ಬಾಗಿಲಿಂದ ಹತ್ತಿದವಳು

ಸಹೃದಯರಾದ ವಾಚಕ ಮಹಾಶಯರ ಸನ್ನಿಧಿಗೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ಮುಂದೆ ನಿರೂಪಿತವಾಗಲಿರುವ ವೃತ್ತಾಂತದಲ್ಲಿ ಕೊಲೆಯಿಲ್ಲ, ಕಳವಿಲ್ಲ, ಕಣ್ಮರೆಯಾದ ಉಯಿಲಿಲ್ಲ, ಮುಖ ಹೋಲುವ ಅವಳಿಗಳೂ ಇಲ್ಲ. ಮಹಾಮಾರಿಯೊಂದು ಊರೂರಿಗೆ ಕದ ಹಾಕಿಸಿದ್ದ ವರ್ಷದಲ್ಲಿ, ನೀರು ಶುದ್ಧೀಕರಣ ಘಟಕದ ರಸಾಯನ ಪರೀಕ್ಷಕಿಯಾದ ನಲವತ್ತಮೂರು ವರ್ಷ ವಯಸ್ಸಿನ ಒಬ್ಬ ಹೆಂಗಸಿಗೆ ತನ್ನ ಸ್ವಂತ ಮನೆಯ ಮೇಲೆ, ಹೆತ್ತ ಮಕ್ಕಳ ನಗುವಿನ ಮೇಲೆ, ಕೈಹಿಡಿದ ಗಂಡನ ಮೇಲೆ ಉಂಟಾದ ಮತ್ಸರವಷ್ಟೇ ಇಲ್ಲಿಯ ವಸ್ತು. ಬಲ್ಲವರು ಅರಿಷಡ್ವರ್ಗಗಳನ್ನು ಎಣಿಸುವಾಗ ಮತ್ಸರವನ್ನು ಕಟ್ಟಕಡೆಗೆ ಕೂರಿಸಿದ್ದಾರೆ. ಕಡೆಯ ಸೀಟಿನಲ್ಲಿ ಕೂತವರಿಗೇ ಕುಲುಕಾಟ ಹೆಚ್ಚೆಂಬುದನ್ನು ಬಸ್ಸು ಹತ್ತಿದವರೆಲ್ಲ ಬಲ್ಲರು.

ಆ ಸೋಮವಾರ ಮಧ್ಯಾಹ್ನ ಅವಳು ತನ್ನ ಮನೆಯ ಮುಂಬಾಗಿಲ ಎದುರು, ಭುಜಕ್ಕೆ ಚೀಲ ಜೋತುಬಿಟ್ಟುಕೊಂಡು, ಕರೆಗಂಟೆಯ ಗುಂಡಿಗೆ ಒಂದಂಗುಲ ದೂರದಲ್ಲಿ ಬೆರಳು ನಿಲ್ಲಿಸಿ ನಿಂತಿದ್ದಳು. ಮನೆ ಬಿಟ್ಟು ಹದಿನಾಲ್ಕು ದಿನಗಳಾಗಿದ್ದವು. ಊರಿಗೆ ಊರೇ ಹಾಸಿಗೆ ಹಿಡಿದರೂ ನಲ್ಲಿಯಲ್ಲಿ ನೀರು ನಿಲ್ಲಬಾರದೆಂದು ಘಟಕದವರು ಇಪ್ಪತ್ತೆರಡು ಮಂದಿಯನ್ನು ಕಾಂಪೌಂಡಿನೊಳಗೇ ಇರಿಸಿಕೊಂಡು, ಗೇಟಿಗೆ ಬೀಗ ಜಡಿದು, ಉಗ್ರಾಣದಲ್ಲಿ ಮಂಚ ಹಾಕಿಸಿದ್ದರು. ಎರಡು ವಾರ ಒಳಗೆ, ಒಂದು ವಾರ ಮನೆ, ಮತ್ತೆ ಎರಡು ವಾರ ಒಳಗೆ. ಚೀಲದ ಪಟ್ಟಿ ಭುಜ ಕೊಯ್ಯುತ್ತಿತ್ತು. ಗುಂಡಿ ಒತ್ತಿದ್ದರೆ ಭಾರ ಇಳಿಸಬಹುದಿತ್ತು. ಆದರೆ ಒಳಗೆ ಮಗಳು ನಗುತ್ತಿದ್ದಳು. ಮೂಗಿನಿಂದ ಹೊರಟು, ಗಂಟಲಲ್ಲಿ ಎಡವಿ, ಕೊನೆಗೆ ಬಿಕ್ಕಳಿಕೆಯಾಗಿ ಮುಗಿಯುವ ಆ ನಗುವನ್ನು ಅವಳು ಕಡೆಯ ಬಾರಿ ಕೇಳಿದ್ದು ಮಗಳಿಗೆ ಒಂಬತ್ತು ವರ್ಷವಾಗಿದ್ದಾಗ, ತೊಳೆದು ಹರವಿದ್ದ ಕಾಲುಚೀಲವನ್ನು ಕಾಗೆಯೊಂದು ಹಾರಿಸಿಕೊಂಡು ಹೋದ ದಿನ. ಆಮೇಲಿನ ಏಳು ವರ್ಷದಲ್ಲಿ ಹಾಲುಹಲ್ಲಿನ ಹಾಗೆ ಆ ನಗುವೂ ಬಿದ್ದುಹೋಯಿತೆಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಅದು ಬಿದ್ದುಹೋಗಿರಲಿಲ್ಲ. ಅವಳಿಗಾಗಿ ಹೊರಬಂದಿರಲಿಲ್ಲ, ಅಷ್ಟೆ.

ಅವಳ ಬಳಿ ಒಂದು ಸುದ್ದಿಯಿತ್ತು. ಹಿಂದಿನ ದಿನ ಸೂಪರಿಂಟೆಂಡೆಂಟರು ಆರಡಿ ದೂರದಲ್ಲಿ ನಿಂತು ಹೇಳಿದ್ದರು: "ನಿಮಗೆ ಮಕ್ಕಳಿದ್ದಾರೆ, ಮೇಡಂ. ಮುಂದಿನ ಪಾಳಿಗೆ ಆ ಹೊಸ ಹುಡುಗಿ ನಾನಿರ್ತೀನಿ ಅಂತಾಳೆ. ನೀವು ಮನೇಲೇ ಕೂತು ವರದಿ ನೋಡಿದ್ರೂ ಸಾಕು. ಗುರುವಾರ ಮಧ್ಯಾಹ್ನದೊಳಗೆ ಒಂದು ಮಾತು ಹೇಳಿಬಿಡಿ." ವ್ಯಾನಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅವಳು ಆ ಸುದ್ದಿಯನ್ನು ಹೇಗೆ ಬಿಚ್ಚಬೇಕೆಂದು ಯೋಚಿಸಿದ್ದಳು. ಮೊದಲು ಮುಖ ಸಪ್ಪೆ ಮಾಡಿಕೊಳ್ಳಬೇಕು, ಎಲ್ಲರೂ "ಮತ್ತೆ ಯಾವಾಗ ಹೋಗ್ಬೇಕು?" ಎಂದು ಕೇಳುವವರೆಗೂ ಕಾಯಬೇಕು, ಆಮೇಲೆ, ತಲೆಗೂದಲು ಒರೆಸಿಕೊಳ್ಳುತ್ತ, ಏನೂ ದೊಡ್ಡದಲ್ಲವೆಂಬಂತೆ, "ಹೋಗೋದಿಲ್ಲ, ಇನ್ನು ಇಲ್ಲೇ" ಎನ್ನಬೇಕು. ಹತ್ತು ಹದಿನೈದು ಸಲ ಆ ಮಾತನ್ನು ಬಾಯೊಳಗೆ ತಿರುಗಿಸಿ ರುಚಿ ನೋಡಿದ್ದಳು. ಈಗ ಒಳಗೆ ನಗು ಎರಡನೆಯ ಬಾರಿ ಎದ್ದಾಗ ಆ ಮಾತು ಬಾಯಲ್ಲಿ ಕರಗಿ ಬರಿಯ ಎಂಜಲಾಯಿತು.

ಕಿಟಕಿಯ ಪರದೆ ಸರಿದು ಮಗನ ಮುಖ ಕಾಣಿಸಿತು. ಹದಿನಾಲ್ಕರ ಆ ಹುಡುಗನಿಗೆ ಮನೆಯಲ್ಲಿ ಕುಳ್ಳ ಎಂದೇ ಹೆಸರು. ಈ ವರ್ಷ ಅವನು ಅಪ್ಪನನ್ನೂ ಮೀರಿ ಬೆಳೆದಿದ್ದರೂ ಹೆಸರು ಬೆಳೆದಿರಲಿಲ್ಲ.

"ಅಮ್ಮ! ಅಲ್ಲಲ್ಲ, ಅಲ್ಲಲ್ಲ! ಮುಂದಿನ ಬಾಗಿಲು ಇಳಿಯೋರಿಗೆ! ಹಿಂದೆ ಬಾ!"

"ಏನೋ ಅದು?"

"ಹತ್ತೋರು ಹಿಂದಿನ ಬಾಗಿಲಲ್ಲೇ ಹತ್ಬೇಕು. ರೂಲ್ಸು."

ಒಳಗಿನಿಂದ ಗಂಡನ ಧ್ವನಿ ಕೇಳಿಸಿತು: "ಯಾರ್ರೀ ಅದು, ಸ್ಟಾಪಿಲ್ಲದ ಕಡೆ ಕೈ ಅಡ್ಡ ಹಾಕೋದು?" ಅದಕ್ಕೆ ಮೂವರೂ ನಕ್ಕರು.

ಅವಳು ಮನೆಯ ಪಕ್ಕದ ಓಣಿಯಲ್ಲಿ, ಕಸದ ಬುಟ್ಟಿ ದಾಟಿ, ಚರಂಡಿಯ ಮೇಲಿನ ಬಿರುಕುಬಿಟ್ಟ ಕಲ್ಲು ದಾಟಿ, ಅಡುಗೆಮನೆಯ ಹಿತ್ತಿಲ ಬಾಗಿಲಿಗೆ ಬಂದಳು. ಬಿಸಿನೀರಿನ ಬಕೆಟ್ಟು, ಸೋಪು, ಟವೆಲ್ಲು, ಮಡಿಸಿದ ಬಟ್ಟೆ, ಎಲ್ಲ ಅಚ್ಚುಕಟ್ಟಾಗಿ ಸ್ಟೂಲಿನ ಮೇಲೆ ಕಾದಿದ್ದವು. ಅವಳಿಗೆ ಸಂತೋಷವಾಗಬೇಕಿತ್ತು, ಆದರೆ ಕಣ್ಣು ಹೋದದ್ದು ಬಟ್ಟೆಯ ಮೇಲೆ. ನೆಲ ಒರೆಸುವುದಕ್ಕೆಂದು ಎತ್ತಿಟ್ಟಿದ್ದ ಹಳೆಯ ನೈಟಿ. ಯಾವುದು ಉಡುವುದು, ಯಾವುದು ಒರೆಸುವುದು ಎಂಬುದು ಈ ಮನೆಯಲ್ಲಿ ತನಗೊಬ್ಬಳಿಗೇ ಗೊತ್ತು ಎಂಬ ಯೋಚನೆ ಅವಳಿಗೆ ಹಿತವೆನಿಸಿತು. ಹಿತವೆನಿಸಿದ್ದಕ್ಕೆ ನಾಚಿಕೆಯೂ ಆಯಿತು. ಒಳಗೆ ಕಾಲಿಟ್ಟಾಗ ಮಗಳು ಕೊರಳಿಗೆ ಸೀಟಿ ನೇತುಹಾಕಿಕೊಂಡು ನಿಂತಿದ್ದಳು. ಎರಡು ವರ್ಷದಿಂದ ಕಿವಿಯಲ್ಲಿ ಇಯರ್‌ಫೋನ್ ಇಲ್ಲದೆ ಯಾರಿಗೂ ಮುಖ ತೋರಿಸದ ಹದಿನಾರರ ಹುಡುಗಿ! "ಒಳಗೆ ನಡೀರಿ, ಒಳಗೆ ನಡೀರಿ, ಮುಂದೆಲ್ಲ ಖಾಲಿ ಇದೆ" ಎಂದು ಕೂಗಿ, ಎರಡು ಸಲ ಸೀಟಿ ಊದಿದಳು. ಗಂಡ ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಿಂದ, ಕನ್ನಡಿಯಲ್ಲಿ ಹಿಂದಿನ ವಾಹನ ನೋಡುವವನಂತೆ ಕತ್ತು ಓರೆ ಮಾಡಿ, "ಬಂದ್ಯಾ? ಸುಸ್ತಾಗಿದೀಯ. ಕೂತ್ಕೋ" ಎಂದ. ಯಾವ ಕುರ್ಚಿಯಲ್ಲಿ ಕೂರುವುದೆಂದು ಅವಳಿಗೆ ತಿಳಿಯಲಿಲ್ಲ. ಎಲ್ಲದಕ್ಕೂ ನಂಬರು ಅಂಟಿಸಿದ್ದರು.

ಆಗಿದ್ದಿಷ್ಟು. ಗಂಡ ದೂರಮಾರ್ಗದ ಬಸ್ಸಿನ ಚಾಲಕ. ಇಪ್ಪತ್ತು ವರ್ಷ ಅವನು ಮನೆಗೆ ಬಂದದ್ದೆಲ್ಲ ನಿದ್ದೆಗೆ. ವಾರದಲ್ಲಿ ಮೂರು ಹಗಲು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಲಗುತ್ತಿದ್ದ, ಮಕ್ಕಳು ತುದಿಗಾಲಲ್ಲಿ ಓಡಾಡುತ್ತಿದ್ದವು, "ಶ್‌, ಅಪ್ಪ ಮಲಗಿದಾರೆ" ಎಂಬುದೇ ಅವನ ವಿಷಯದಲ್ಲಿ ಅವಳು ಮಕ್ಕಳಿಗೆ ಅತಿ ಹೆಚ್ಚು ಸಲ ಹೇಳಿದ ಮಾತು. ಬಸ್ಸುಗಳು ನಿಂತವು. ಅವಳು ಘಟಕಕ್ಕೆ ಹೋದ ನಾಲ್ಕನೆಯ ದಿನ ಬಚ್ಚಲಮನೆಗಾಗಿ ಅಕ್ಕತಮ್ಮಂದಿರು ಕೂದಲು ಹಿಡಿದು ಕಿತ್ತಾಡುವಾಗ ಅವನು ಒಂದು ಹಾಳೆಯ ಮೇಲೆ ವೇಳಾಪಟ್ಟಿ ಗೀಚಿ ಬಾಗಿಲಿಗೆ ಅಂಟಿಸಿದನಂತೆ. ಅಲ್ಲಿಂದ ಮನೆ ಬಸ್ಸಾಯಿತು. ಮಗಳು ಕಂಡಕ್ಟರು, ಕುಳ್ಳ ಕ್ಲೀನರು. ಬಚ್ಚಲಿಗೆ ರಿಸರ್ವೇಶನ್ನು. ಪಾತ್ರೆ ತೊಳೆಯುವುದು ಡಿಪೋ ಕೆಲಸ. ಒಂಬತ್ತರಿಂದ ಒಂದರವರೆಗೆ, ಮಕ್ಕಳಿಗೆ ಫೋನಿನಲ್ಲಿ ಪಾಠವಿರುವ ಹೊತ್ತು, ಘಾಟಿ ರಸ್ತೆ. ಚಾಲಕರೊಡನೆ ಮಾತಾಡುವಂತಿಲ್ಲ, ಹಾರನ್ನಿಲ್ಲ. ಅವಳು ಇದನ್ನೆಲ್ಲ ಕೇಳುತ್ತ ಮುಗುಳ್ನಗುತ್ತಿದ್ದಳು, ಹಲ್ಲಿನ ಡಾಕ್ಟರ ಎದುರು ಬಾಯಿ ತೆರೆದು ಕೂತವರಿಗೆ ನೋಯುವಂತೆ ಕೆನ್ನೆ ನೋಯುವವರೆಗೆ. ಕುಳ್ಳನ ತಲೆಯ ಹೇನು ತೆಗೆದದ್ದು ಯಾರು, ಮಗಳು ಮೊದಲ ಸಲ ಬಟ್ಟೆ ಕಲೆಯಾಗಿ ಶಾಲೆಯ ಶೌಚಾಲಯದಲ್ಲಿ ಚಿಲಕ ಹಾಕಿಕೊಂಡು ಕೂತಾಗ ಓಡಿಹೋದದ್ದು ಯಾರು, ಹೋಮ್‌ವರ್ಕು, ಚುಚ್ಚುಮದ್ದು, ಹುಳುಕು ಹಲ್ಲು, ಮುರಿದ ಮೊಣಕೈ? ಹದಿನಾರು ವರ್ಷ ಬೇಡ ಬೇಡವೆಂದರೂ ಬೆನ್ನು ಬಿಡದೆ ಸಾಕಿದವಳು ತಾನು. ಇವನು ಹದಿನಾಲ್ಕು ದಿನದಲ್ಲಿ, ಒಂದು ಸೀಟಿ ಹಿಡಿದುಕೊಂಡು!

ಊಟಕ್ಕೆ ಕೂತಾಗ ಅವಳೂ ಒಂದು ತಮಾಷೆ ಹೇಳಲು ಹೊರಟಳು. ಘಟಕದಲ್ಲಿ ನೀರಿನ ಗುಣ ತಿಳಿಯಲೆಂದು ಒಂದು ತೊಟ್ಟಿಯಲ್ಲಿ ಮೀನು ಸಾಕಿದ್ದರು. ಅದರಲ್ಲಿ ದಪ್ಪನೆಯದೊಂದಕ್ಕೆ ಪಂಪು ನಡೆಸುವವರು ಸೂಪರಿಂಟೆಂಡೆಂಟ್ ಎಂದು ಹೆಸರಿಟ್ಟಿದ್ದರು. ಒಂದು ದಿನ ನಿಜವಾದ ಸೂಪರಿಂಟೆಂಡೆಂಟರು ಬೆನ್ನ ಹಿಂದೆ ಬಂದು ನಿಂತದ್ದು ತಿಳಿಯದೆ ಪಂಪಿನವನು, "ಸೂಪರಿಂಟೆಂಡೆಂಟ್ ಯಾಕೋ ಮೇಲಕ್ಕೇ ಬರ್ತಿಲ್ಲ, ಹೊಟ್ಟೆ ಕೆಟ್ಟಿರಬೇಕು" ಎಂದ. ಇಷ್ಟನ್ನೇ ಹೇಳಿ ನಿಲ್ಲಿಸಿದ್ದರೆ ನಗು ಬರುತ್ತಿತ್ತೋ ಏನೋ. ಅವಳು ತೊಟ್ಟಿ ಎಲ್ಲಿದೆ, ಮೀನು ಯಾಕೆ ಸಾಕುತ್ತಾರೆ, ಕ್ಲೋರಿನ್ ಹೆಚ್ಚಾದರೆ ಮೀನು ಏನು ಮಾಡುತ್ತದೆ ಎಂಬುದನ್ನೆಲ್ಲ ವಿವರಿಸಿ, ನಗಬೇಕಾದ ಜಾಗಕ್ಕೆ ಬರುವ ಹೊತ್ತಿಗೆ ತಾನೇ ನಕ್ಕುಬಿಟ್ಟಳು. "ಹ್ಞಾ, ಚೆನ್ನಾಗಿದೆ ಅಮ್ಮ" ಎಂದಳು ಮಗಳು. "ಪಾಪ, ಮೀನು" ಎಂದ ಕುಳ್ಳ. ಆಲೂಗಡ್ಡೆ ಬೇಕೇ ಎಂದು ಮಗಳು ಬಟ್ಟಲು ಮುಂದೆ ಮಾಡಿದಳು. ಆ ಮರ್ಯಾದೆ ಅವಳ ಎದೆಗೆ ಇರಿಯಿತು. ಬಂದ ನೆಂಟರಿಗೆ ಬಡಿಸುವಂತೆ ಅವರು ತನಗೆ ಬಡಿಸುತ್ತಿದ್ದರು.

ಮರುದಿನ ಮಕ್ಕಳು ಘಾಟಿ ರಸ್ತೆಯಲ್ಲಿದ್ದಾಗ, ಗಂಡ ತರಕಾರಿಯ ಸಾಲಿನಲ್ಲಿ ನಿಲ್ಲಲು ಹೋಗಿದ್ದಾಗ, ಅಡುಗೆಮನೆಯ ಮೊಳೆಗೆ ದಾರದಲ್ಲಿ ಕಟ್ಟಿ ನೇತುಹಾಕಿದ್ದ ನೋಟುಪುಸ್ತಕ ಅವಳ ಕಣ್ಣಿಗೆ ಬಿತ್ತು. ರಟ್ಟಿನ ಮೇಲೆ 'ದೂರು ಪುಸ್ತಕ, ಪ್ರಯಾಣಿಕರ ಉಪಯೋಗಕ್ಕೆ' ಎಂದು ಬರೆದಿತ್ತು. ತೆರೆದಳು. 'ಚಾಲಕರು ಆಲೂಗಡ್ಡೆಗೆ ಎರಡು ಸಲ ಉಪ್ಪು ಹಾಕಿ, ಪ್ರಶ್ನಿಸಿದಾಗ, ಡೀಸೆಲ್ ಜಾಸ್ತಿಯಾದರೆ ಗಾಡಿ ಕೆಡುವುದಿಲ್ಲ ಎಂದು ಉದ್ಧಟತನದ ಉತ್ತರ ನೀಡಿರುತ್ತಾರೆ.' ಕೆಳಗೆ ಗಂಡನ ಓರೆಯಕ್ಷರ: 'ಪರಿಶೀಲಿಸಲಾಯಿತು. ದೂರುದಾರರು ನೀರು ಕುಡಿಯತಕ್ಕದ್ದು.' ಮುಂದಿನ ಪುಟ: 'ಕಂಡಕ್ಟರ್ ಮೇಡಂ ಇಂದು ಕನ್ನಡಿಯ ಮುಂದೆ ನಲವತ್ತು ನಿಮಿಷ ಗಾಡಿ ನಿಲ್ಲಿಸಿರುತ್ತಾರೆ. ಈ ಅವಧಿಯಲ್ಲಿ ಯಾರೂ ಹತ್ತಿಲ್ಲ, ಯಾರೂ ಇಳಿದಿಲ್ಲ.' ಅದರಡಿಯಲ್ಲಿ ಮಗಳು: 'ಕ್ಲೀನರ್ ಎಂಬುವವರು ಸ್ನಾನ ಮಾಡಿ ಮೂರು ದಿನವಾಗಿದ್ದು, ಮನೆಯಲ್ಲೂ ಮಾಸ್ಕ್ ಧರಿಸುವ ಪರಿಸ್ಥಿತಿ ಉಂಟಾಗಿರುತ್ತದೆ.' ಅವಳಿಗೆ ಫಕ್ಕನೆ ನಗು ಬಂತು. ಬಾಯಿಗೆ ಸೆರಗು ಒತ್ತಿಕೊಳ್ಳಲು ಹೋದರೆ ಒರೆಸುವ ನೈಟಿಗೆ ಸೆರಗೆಲ್ಲಿ! ಒಬ್ಬಳೇ ನಿಂತು ನಗುತ್ತ ನಗುತ್ತಲೇ ಪುಟ ಮಗುಚತೊಡಗಿದಳು, ಮೊದಲು ಮೆಲ್ಲಗೆ, ಆಮೇಲೆ ಬೇಗಬೇಗ, ಗಂಡನ ಅಂಗಿಯ ಮೇಲೆ ಯಾರದೋ ಕೂದಲು ಹುಡುಕುವವರ ಹಾಗೆ. ಅವಳು ಹುಡುಕುತ್ತಿದ್ದುದು ತನ್ನನ್ನು. ಅಷ್ಟೂ ದಿನದ ಇಪ್ಪತ್ತೊಂದು ಪುಟಗಳಲ್ಲಿ ಅಮ್ಮ ಎಂಬ ಪದ ಒಂದು ಸಲವೂ ಇರಲಿಲ್ಲ. ಈ ಮನೆಯಲ್ಲಿ ಇಷ್ಟು ವರ್ಷ ಯಾವ ದೂರಿದ್ದರೂ ಅದು ಅವಳ ಮೇಲೆ: ಅಮ್ಮ ಕಿರುಚುತ್ತಾಳೆ, ಅಮ್ಮ ಫೋನು ಕಿತ್ತುಕೊಂಡಳು, ಅಮ್ಮನಿಗೇನೂ ಅರ್ಥವಾಗೋದಿಲ್ಲ. ಅದನ್ನೆಲ್ಲ ಕೇಳಿ ಕೇಳಿ ಸಾಕಾಗಿ ಒಂದು ದಿನವಾದರೂ ಇವು ಬಾಯಿ ಮುಚ್ಚಿದರೆ ಸಾಕೆಂದು ಎಷ್ಟು ಸಲ ಅಂದುಕೊಂಡಿರಲಿಲ್ಲ! ಈಗ ಮುಚ್ಚಿದ್ದವು. ಅವಳು ಪುಸ್ತಕವನ್ನು ಮೊದಲಿದ್ದ ಹಾಗೆಯೇ, ರಟ್ಟು ಗೋಡೆಗೆ ತಾಗುವಂತೆ, ನೇತುಹಾಕಿದಳು.

ಬುಧವಾರ ರಾತ್ರಿಯೂಟಕ್ಕೆ ಕುಳ್ಳ ಅಪ್ಪನನ್ನು ಪೀಡಿಸಿದ. "ಅಪ್ಪ, ಆ ಕಾಡಲ್ಲಿ ಎಂಜಿನ್ ಬೆಲ್ಟ್ ಕಿತ್ತುಹೋದದ್ದು ಹೇಳು. ಅಮ್ಮ ಕೇಳಿಲ್ಲ." ಅವಳು ಕೇಳಿದ್ದಳು, ಮದುವೆಯಾದ ಹೊಸತರಲ್ಲಿ ಅವಳಿಗೇ ಅವನು ಮೊದಲು ಹೇಳಿದ್ದ ಕಥೆ ಅದು. ಅವನು ಹೇಳಿದ. ಪ್ರಯಾಣಿಕರೊಬ್ಬರ ಹೆಂಡತಿಯ ಕಾಲುಚೀಲ ಹೆಣೆದು ಬೆಲ್ಟು ಮಾಡಿದ್ದು, ಬೆಳಗಾಗುವವರೆಗೆ ಆ ಹೆಂಗಸು ಎಂಜಿನ್ನಿನ ಪಕ್ಕದಲ್ಲೇ ಕೂತು ಕಾಲುಚೀಲ ಕಾವಲು ಕಾದದ್ದು. ಮಗಳು ಗಲ್ಲಕ್ಕೆ ಕೈಕೊಟ್ಟು ಅಪ್ಪನ ಬಾಯನ್ನೇ ನೋಡುತ್ತಿದ್ದಳು. ಆ ನೋಟವನ್ನು ಕಂಡು ತಾಯಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಚೆನ್ನಾಗಿದೆ. ನಾನೂ ಒಂದು ಬಸ್ಸಿನ ಕಥೆ ಹೇಳ್ಲಾ?" ಎಂದಳು, ನಗುನಗುತ್ತಲೇ. "ಈ ನಮ್ಮ ಪುಟ್ಟಿಗೆ ಆಗ ನಾಲ್ಕು ವರ್ಷ. ಜ್ವರ ನೆತ್ತಿಗೇರಿ ಕೈಕಾಲು ಸೆಟೆದುಕೊಂಡವು. ನಾನು ಹೆಗಲ ಮೇಲೆ ಹಾಕ್ಕೊಂಡು ಆಸ್ಪತ್ರೆಗೆ ಓಡಿದೆ. ಅಲ್ಲಿಂದ ಡಿಪೋಗೆ ಫೋನ್ ಮಾಡ್ದೆ. ನಿಮ್ಮಪ್ಪ ಬಂದಿದ್ದು ಯಾವಾಗ ಗೊತ್ತಾ? ಮೂರನೇ ದಿನ. ಕೈಯಲ್ಲೊಂದು ಬಲೂನು ಹಿಡ್ಕೊಂಡು. ಅಷ್ಟೊತ್ತಿಗೆ ಜ್ವರ ಬಿಟ್ಟು ಇವಳು ಎದ್ದು ಕೂತಿದ್ಲು. ಸ್ವಲ್ಪ ಸಣ್ಣಗಾಗಿದಾಳಲ್ಲ ಅಂದ್ರು. ಮಲಗಿದ್ರು, ಎದ್ರು, ಮತ್ತೆ ಡ್ಯೂಟಿಗೆ ಹೋದ್ರು. ತಮಾಷೆ ಅಲ್ವಾ?"

ಯಾರೂ ನಗಲಿಲ್ಲ. "ಹೌದು. ಮೂರನೇ ದಿನ" ಎಂದು ಗಂಡ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ನಲ್ಲಿಯ ಬಳಿಗೆ ಹೋದ. ಅವನ ಬೆನ್ನು ನೋಡುತ್ತ ಕೂತವಳಿಗೆ ತಾನು ಹೇಳದೆ ಬಿಟ್ಟ ತುಣುಕು ನೆನಪಾಯಿತು. ಆವತ್ತು ಆಸ್ಪತ್ರೆಯ ಮೆಟ್ಟಿಲ ಕೆಳಗಿನ ಫೋನಿನಲ್ಲಿ ಡಿಪೋದವನು "ಅರ್ಜೆಂಟಾ ಅಮ್ಮ? ಬೇರೆ ಚಾಲಕನ್ನ ಕಳಿಸಿ ಕರೆಸಬೇಕಾ?" ಎಂದು ಕೇಳಿದ್ದ. ಅವಳು, "ಬೇಡ, ಸುಮ್ನೆ ಜ್ವರ, ತಿಳಿಸಿದ್ರೆ ಸಾಕು" ಎಂದಿದ್ದಳು. ಯಾಕೆ ಹಾಗೆಂದಳು? ಒಬ್ಬಳೇ ಗೆಲ್ಲಬೇಕಿತ್ತು. ಮಗು ಕಣ್ಣು ಬಿಟ್ಟಾಗ ಕಾಣುವ ಮುಖ ತನ್ನದೊಂದೇ ಆಗಿರಬೇಕಿತ್ತು. ಹನ್ನೆರಡು ವರ್ಷ ಆ ಮೂರನೇ ದಿನವನ್ನು ಮಡಿಸಿ ಜೋಪಾನವಾಗಿಟ್ಟುಕೊಂಡು, ಈ ದಿನ ಮಕ್ಕಳೆದುರು ಬಿಚ್ಚಿ ಹರವಿದ್ದಳು.

ಗುರುವಾರ ಬೆಳಗ್ಗೆ ಎದ್ದಾಗ ಬಚ್ಚಲ ಬಾಗಿಲಿನ ವೇಳಾಪಟ್ಟಿ ಇರಲಿಲ್ಲ. ಅಂಟಿನ ನಾಲ್ಕು ಗುರುತುಗಳಿದ್ದವು. ಮಗಳ ಕೋಣೆಯ ಬಾಗಿಲು ಹಾಕಿತ್ತು, ಕಿವಿಯಲ್ಲಿ ಮತ್ತೆ ಇಯರ್‌ಫೋನು; ಕುಳ್ಳ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಫೋನು ತೀಡುತ್ತಿದ್ದ; ಗಂಡ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹಗಲಲ್ಲೇ ಮಲಗಿದ್ದ. ಅವಳು ಕೋಣೆಯಿಂದ ಕೋಣೆಗೆ ಓಡಾಡಿದಳು. ಎಲ್ಲ ಪರಿಚಿತ. ಇದು ಅವಳ ಮನೆ, ಅವಳು ಇಷ್ಟು ವರ್ಷ ಕೈಯಾರೆ ನಡೆಸಿದ ಮನೆ, ಒಂದಿಷ್ಟೂ ಹೆಚ್ಚುಕಡಿಮೆಯಾಗದೆ ಅವಳ ಕೈಗೆ ವಾಪಸು ಬಂದಿತ್ತು. ಗೆದ್ದವಳಿಗೆ ಕೂರಲು ಎಲ್ಲ ನಂಬರಿನ ಕುರ್ಚಿಗಳೂ ಖಾಲಿಯಿದ್ದವು. ಕುಳ್ಳನ ಬಳಿ ಹೋಗಿ "ಏನಾದ್ರೂ ತಿಂತೀಯಾ?" ಎಂದಳು. "ಬೇಡ" ಎಂದ. "ಮೊಟ್ಟೆ?" "ಬೇಡಮ್ಮ." ಹನ್ನೊಂದೂವರೆಗೆ ಹಿತ್ತಿಲಿಗೆ ಹೋಗಿ, ಒಗೆದ ಬಟ್ಟೆಗಳ ನಡುವೆ ನಿಂತು, ಸೂಪರಿಂಟೆಂಡೆಂಟರಿಗೆ ಫೋನು ಮಾಡಿದಳು. ಏನು ಹೇಳಬೇಕೆಂದು ಅವಳಿಗೆ ಸೋಮವಾರದಿಂದಲೂ ಗೊತ್ತಿತ್ತು. ಬಾಯಿಂದ ಬಂದದ್ದು ಬೇರೆ. "ಆ ಹುಡುಗಿ ಬೇಡ ಸರ್. ನಾನೇ ಬರ್ತೀನಿ." ಅತ್ತಲಿಂದ ಅವರು "ಧನ್ಯವಾದ ಮೇಡಂ, ನಿಮ್ಮಂಥವರು ಅಪರೂಪ" ಎಂದರು. ಓಡಿಹೋಗುತ್ತಿರುವವಳಿಗೆ ಹೊಗಳಿಕೆ. ಅದನ್ನೂ ಅವಳು ನುಂಗಿಕೊಂಡಳು.

ಶನಿವಾರ ಸಂಜೆಯ ಹೊತ್ತಿಗೆ ಕೈ ಸುಮ್ಮನಿರಲೊಲ್ಲದೆ ತನಗೆ ಗೊತ್ತಿದ್ದ ಒಂದೇ ಆಟವನ್ನು ಅವಳು ಮೇಜಿನ ಮೇಲೆ ಹೂಡಿದಳು. ಅದು ಆಟವೇ ಅಲ್ಲ. ಘಟಕದಲ್ಲಿ ದಿನಾ ಬೆಳಗ್ಗೆ ಮಾಡುವ ಪರೀಕ್ಷೆ. ಆರು ಗಾಜಿನ ಜಾಡಿಗಳಲ್ಲಿ ನದಿಯ ಕೆಸರುನೀರು ತುಂಬಿ, ಒಂದೊಂದಕ್ಕೆ ಒಂದೊಂದು ಅಳತೆಯ ಪಟಿಕದ ನೀರು ಬೆರೆಸಿ ಕಲಕಿದರೆ, ಕಣ್ಣಿಗೆ ಕಾಣದ ಕೆಸರು ಒಂದಕ್ಕೊಂದು ಅಂಟಿ, ಹಿಂಜಿದ ಹತ್ತಿಯ ಹಾಗೆ ಎಳೆಯೆಳೆಯಾಗಿ ತಳಕ್ಕಿಳಿಯುತ್ತದೆ. ಯಾವುದು ಚೆನ್ನಾಗಿ ತಿಳಿಯಾಯಿತೋ ಆ ಅಳತೆಯೇ ಆವತ್ತು ಇಡೀ ಊರಿನ ನೀರಿಗೆ. ಅವಳು ಹೂಕುಂಡದಿಂದ ಮಣ್ಣು ತೆಗೆದು, ಆರು ಲೋಟ ಜೋಡಿಸಿ, ಗಂಡ ಗಡ್ಡ ಹೆರೆದ ಮೇಲೆ ಕೆನ್ನೆಗೆ ಉಜ್ಜಿಕೊಳ್ಳುವ ಪಟಿಕದ ಬಿಲ್ಲೆಯನ್ನು ಕೇಳದೆ ಎತ್ತಿಕೊಂಡು ಬಂದು ಕರಗಿಸುತ್ತಿದ್ದಳು. ಫ್ರಿಜ್ಜಿಗೆಂದು ಬಂದ ಕುಳ್ಳ ನಿಂತ.

"ಏನಮ್ಮ ಇದು? ಕಾಫಿನಾ?"

"ಕುಡಿದು ನೋಡು."

"ಅಯ್ಯಪ್ಪಾ, ಮಣ್ಣು! ಲೇ ಅಕ್ಕಾ, ಬಾರೇ ಇಲ್ಲಿ. ಅಮ್ಮಂಗೆ ತಲೆ ಕೆಟ್ಟಿದೆ!"

ಮಗಳು ಬಾಗಿಲು ಅರ್ಧ ತೆರೆದು ಇಣುಕಿದಳು. ಬರಲಿಲ್ಲ, ಆಮೇಲೆ ಬಂದಳು. ಯಾವುದು ಮೊದಲು ತಿಳಿಯಾಗುತ್ತದೆಂದು ಕುಳ್ಳ ಪಂಥ ಕಟ್ಟಿದ. ಆಳಿಗೊಂದು ಲೋಟ, ಆಳಿಗೊಂದು ಚಮಚ. "ಅಪ್ಪಾ, ನಿನ್ನ ಗಡ್ಡದ ಪಟಿಕ ಕಳವಾಗಿದೆ, ಬೇಗ ಬಾ" ಎಂದು ಕೂಗಿದ. ಗಂಡ ಬಂದು ಮೇಜಿನ ಆ ತುದಿಯಲ್ಲಿ, ಕರೆಯದ ಮನೆಗೆ ಬಂದವನಂತೆ, ಕುರ್ಚಿಯ ಅಂಚಿನಲ್ಲಿ ಕೂತ.

"ಮೊದಲು ಒಂದು ನಿಮಿಷ ಜೋರಾಗಿ" ಎಂದಳು ಅವಳು. ಹೊಸಬರಿಗೆ ಪ್ರತಿವರ್ಷ ಹೇಳಿಕೊಡುವ ಧ್ವನಿ ತಾನಾಗಿಯೇ ಬಂತು. "ಆಮೇಲೆ ನಿಧಾನ. ಎಷ್ಟು ನಿಧಾನ ಅಂದ್ರೆ, ಮಲಗಿದ ಮಗು ಎದ್ದುಬಿಡುತ್ತೆ ಅನ್ನೋ ಹಾಗೆ. ಅಂಟ್ಕೊಳ್ಳೋ ಹೊತ್ತಲ್ಲಿ ಜೋರು ಮಾಡಿದ್ರೆ ಕೂಡಿದ್ದೆಲ್ಲ ಒಡೆದುಹೋಗುತ್ತೆ. ಆಮೇಲೆ ಏನು ಮಾಡಿದ್ರೂ ಇಳಿಯಲ್ಲ."

ಕಲಕಿದರು. ಗಂಡನ ಕೈ, ಇಪ್ಪತ್ತು ವರ್ಷ ಘಾಟಿಗಳಲ್ಲಿ ನಲವತ್ತು ಜನರ ನಿದ್ದೆಯನ್ನು ತುಳುಕಿಸದೆ ಒಯ್ದ ಕೈ, ಚಮಚವನ್ನು ಒಂದೇ ಹದದಲ್ಲಿ ತಿರುಗಿಸುತ್ತಿತ್ತು. ಅವನ ಲೋಟದಲ್ಲಿ ಮೊದಲು ಚುಕ್ಕೆಗಳೆದ್ದವು, ಚುಕ್ಕೆ ಎಳೆಯಾಯಿತು, ಎಳೆ ಹಗುರಾದ ಮೋಡವಾಯಿತು. "ಅಪ್ಪಂದು ನೋಡೇ! ಅಪ್ಪಂದು ಬರ್ತಾ ಇದೆ!" ಎಂದು ಮಕ್ಕಳಿಬ್ಬರೂ ತಂತಮ್ಮ ಲೋಟ ಬಿಟ್ಟು ಅವನ ಕಡೆ ಬಾಗಿದರು. ಅವಳು ತನ್ನ ಲೋಟ ನೋಡಿಕೊಂಡಳು. ಅದರಲ್ಲೂ ಎಳೆಯೆದ್ದಿತ್ತು, ಆದರೆ ಸಣ್ಣದು, ನಾಚಿಕೆಯದು. ಇಲ್ಲಿ ಕೂಡ! ನನ್ನ ನೀರಿನಲ್ಲಿ ಕೂಡ! ಹತ್ತೊಂಬತ್ತು ವರ್ಷದ ಉದ್ಯೋಗ, ಇವನು ಕೂತು ಹತ್ತು ನಿಮಿಷವಾಗಿಲ್ಲ! ಅವಳ ಚಮಚ ಯಾವಾಗ ವೇಗ ಹಿಡಿಯಿತೋ ಅವಳಿಗೇ ತಿಳಿಯದು. ಲೋಟಕ್ಕೆ ಚಮಚ ಬಡಿದು ಟಣಟಣ ಸದ್ದಾಗತೊಡಗಿದಾಗ ಮಗಳು ತಿರುಗಿದಳು.

"ಅಮ್ಮ! ಏನ್ ಮಾಡ್ತಿದೀಯ! ನಿಧಾನ ಅಂದೋಳು ನೀನೇ ಅಲ್ವಾ!"

ಅವಳು ಕೈ ನಿಲ್ಲಿಸಿದಳು. ಲೋಟದಲ್ಲಿ ಎಳೆಯೂ ಇಲ್ಲ, ಚುಕ್ಕೆಯೂ ಇಲ್ಲ. ಹೂಕುಂಡದ ಮಣ್ಣುನೀರು, ಶುರುವಿನಲ್ಲಿದ್ದುದಕ್ಕಿಂತ ಕಪ್ಪಾಗಿ, ಗಿರಗಿರನೆ ಸುತ್ತುತ್ತಿತ್ತು.

"ಇಡೀ ಊರಿನ ನೀರು ಇವರ ಕೈಲಿದೆ" ಎಂದ ಕುಳ್ಳ, ಬಹಳ ಗಂಭೀರವಾಗಿ.

"ಇಷ್ಟು ದಿನ ನಾವು ಕುಡಿದಿದ್ದೇನು ಹಾಗಾದ್ರೆ?" ಎಂದಳು ಮಗಳು. ಹೇಳುತ್ತಿದ್ದಂತೆಯೇ ಅವಳ ಮೂಗಿನಿಂದ ಅದು ಹೊರಟಿತು, ಗಂಟಲಲ್ಲಿ ಎಡವಿತು, ಬಿಕ್ಕಳಿಕೆಯಾಯಿತು. ಕುಳ್ಳ ಲೋಟವನ್ನು ಬೆಳಕಿಗೆ ಹಿಡಿದು, "ಸೂಪರಿಂಟೆಂಡೆಂಟ್ ಮೇಲಕ್ಕೆ ಯಾಕೆ ಬರ್ತಿಲ್ಲ ಅಂತ ಈಗ ಗೊತ್ತಾಯ್ತು" ಎಂದ. ಗಂಡ ತಲೆ ತಗ್ಗಿಸಿದ್ದ. ಅವನ ಭುಜ ಕುಲುಕುತ್ತಿತ್ತು. ಅವಳು ನಗತೊಡಗಿದಳು. ಮೇಜು ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ, ಹೊಟ್ಟೆ ಹಿಡಿದು ನಕ್ಕಳು. "ಹೊಟ್ಟೆಕಿಚ್ಚು ಕಣ್ರೋ" ಎಂದಳು ಉಸಿರು ಸಿಕ್ಕಾಗ, "ನಿಮ್ಮಪ್ಪನ ಲೋಟ ನೋಡಿ ಹೊಟ್ಟೆಕಿಚ್ಚು ಬಂತು!" ಮಕ್ಕಳು ಅದನ್ನು ಲೋಟದ ಮಾತೆಂದುಕೊಂಡು ಇನ್ನಷ್ಟು ನಕ್ಕವು. ಗಂಡ ಮಾತ್ರ ತಲೆಯೆತ್ತಿ ಅವಳನ್ನು ನೋಡಿದ.

ನಗುವಿನ ಬಿಸಿ ಆರುವ ಮೊದಲೇ ಹೇಳಿಬಿಡಬೇಕೆನಿಸಿತು. "ಆವತ್ತು ಡಿಪೋದವನು ಕರೆಸಬೇಕಾ ಅಂತ ಕೇಳಿದ. ನಾನೇ ಬೇಡ, ಸುಮ್ನೆ ಜ್ವರ ಅಂದಿದ್ದೆ."

"ಗೊತ್ತು" ಎಂದ ಗಂಡ.

"ಗೊತ್ತಾ?"

"ಡಿಪೋದಲ್ಲಿ ಬರ್ಕೊಂಡಿದ್ರು. ಮನೆಯವರು ಸುಮ್ನೆ ಜ್ವರ ಅಂದ್ರು ಅಂತ. ಡಿಪೋಗೆ ವಾಪಸ್ ಬಂದ ದಿನಾನೇ ಓದಿದ್ದೆ." ಹನ್ನೆರಡು ವರ್ಷ ಅವನೂ ಅದನ್ನು ಇಟ್ಟುಕೊಂಡಿದ್ದ, ಬುಧವಾರ ರಾತ್ರಿ ತೆಗೆಯಬಹುದಿತ್ತು, ತೆಗೆದಿರಲಿಲ್ಲ. ತಟ್ಟೆ ತೊಳೆದಿದ್ದ.

ಮಗಳು ಒಬ್ಬರಾದ ಮೇಲೊಬ್ಬರನ್ನು ನೋಡುತ್ತಿದ್ದಳು. ತಾಯಿಗೆ ಇನ್ನೊಂದನ್ನೂ ಹೇಳಬೇಕಾಗಿತ್ತು. "ಸೋಮವಾರ ನಾನು ಹೋಗಲೇಬೇಕು ಅಂತೇನಿರಲಿಲ್ಲ. ಮನೇಲೇ ಇರಿ ಅಂದಿದ್ರು. ಮೊನ್ನೆ ಫೋನ್ ಮಾಡಿ ಬರ್ತೀನಿ ಅಂತ ಹೇಳ್ಬಿಟ್ಟೆ. ನನ್ನ ಬದಲಿಗೆ ಇರ್ತೀನಿ ಅಂದಿದ್ದ ಹುಡುಗಿ ಆಗಲೇ ಅವಳೂರಿಗೆ ಹೊರಟುಹೋಗಿದಾಳೆ."

ಕುಳ್ಳನ ನಗು ಮುಖದ ಮೇಲೆ ಅರ್ಧಕ್ಕೆ ನಿಂತಿತು. ಮಗಳು ಎದ್ದಳು.

"ನಮ್ಮನ್ನ ಒಂದು ಮಾತು ಕೇಳ್ದೇನಾ?"

"ನೀವು ಚೆನ್ನಾಗೇ ಇದ್ರಲ್ಲ, ಪುಟ್ಟಿ..."

"ಚೆನ್ನಾಗಿದ್ವಿ! ಹೌದು, ಚೆನ್ನಾಗಿದ್ವಿ! ಅಳ್ತಾ ಕೂತಿರಬೇಕಿತ್ತಾ? ನಾವು ಚೆನ್ನಾಗಿದ್ರೆ ನೀನು ಬೇಡ ಅಂತ ಅರ್ಥಾನಾ? ಎಂಥ ಹುಚ್ಚಿ ನೀನು! ಹೋಗು. ಹೋಗಿ ಆ ಮೀನುಗಳ ಜೊತೆ ಇರು, ಹೋಗು!"

ಅವಳ ಕೋಣೆಯ ಬಾಗಿಲು ಬಡಿದುಕೊಂಡ ರಭಸಕ್ಕೆ ಚೌಕಟ್ಟಿನ ಮೇಲಿನ ಸುಣ್ಣ ಉದುರಿತು.

ಭಾನುವಾರವಿಡೀ ಮಗಳು ಹೊರಬರಲಿಲ್ಲ. ಊಟದ ತಟ್ಟೆ ಬಾಗಿಲ ಬಳಿ ಇಟ್ಟರೆ ಯಾರೂ ನೋಡದ ಹೊತ್ತಲ್ಲಿ ಒಳಗೆ ಹೋಗಿ ಖಾಲಿಯಾಗಿ ಹೊರಗೆ ಬರುತ್ತಿತ್ತು. ಸೋಮವಾರ ಬೆಳಗ್ಗೆ ಏಳಕ್ಕೆ ತಾಯಿ ಚೀಲ ಕಟ್ಟಿದಳು: ಎರಡು ಜೊತೆ ಬಟ್ಟೆ, ಚಪ್ಪಲಿ, ಮಂಡಿನೋವಿನ ಮುಲಾಮು, ಫೋನಿನ ಚಾರ್ಜರು, ಗುಳಿಗೆಯ ಡಬ್ಬಿ. ನೈಟಿಯನ್ನು ಒಂದು ಗಳಿಗೆ ಕೈಯಲ್ಲಿ ಹಿಡಿದು ನೋಡಿ, ಅದನ್ನೂ ಮಡಿಸಿ ತುರುಕಿದಳು. ಜಿಪ್ಪು ಎಳೆಯಲು ಕುಳ್ಳ ಚೀಲದ ಮೇಲೆ ಕೂರಬೇಕಾಯಿತು. ಆಮೇಲೆ ಮಗಳ ಬಾಗಿಲ ಎದುರು ನಿಂತಳು.

"ಪುಟ್ಟಿ, ಹೋಗ್ಬರ್ತೀನಿ."

ಮಗಳ ದನಿ, ಬಾಗಿಲಿಗೆ ಬಾಯಿ ತಾಗಿಸಿಕೊಂಡೇ ನಿಂತಿದ್ದಾಳೆಂದು ತಿಳಿಯುವಷ್ಟು ಹತ್ತಿರದಿಂದ: "ಫೋನ್ ಮಾಡ್ಬೇಡ. ಮಾಡಿದ್ರೂ ನಾನು ಎತ್ತಲ್ಲ."

"ಸರಿ."

"ಎಷ್ಟು ಗಂಟೆಗೆ ಮಾಡ್ತೀಯ?"

"ಸಂಜೆ ಏಳಕ್ಕೆ."

"ಎತ್ತಲ್ಲ."

ಘಟಕದ ವ್ಯಾನು ರಸ್ತೆಯ ತಿರುವಿನಲ್ಲಿ ನಿಂತಿತ್ತು. ಗಂಡ ಚೀಲ ಹೊತ್ತು ಅವಳ ಪಕ್ಕದಲ್ಲಿ ನಡೆದ. ಮುಚ್ಚಿದ ಅಂಗಡಿಗಳ ಸಾಲಿನಲ್ಲಿ ಇಬ್ಬರ ಹೆಜ್ಜೆಯ ಸದ್ದು ಮಾತ್ರ ಕೇಳುತ್ತಿತ್ತು. ತಿರುವಿಗೆ ಹತ್ತು ಮಾರು ಇರುವಾಗ ಅವನು ನಿಂತು, ಚೀಲವನ್ನು ಆ ಭುಜದಿಂದ ಈ ಭುಜಕ್ಕೆ ಬದಲಿಸಿ, ಮನೆಯ ಕಡೆ ನೋಡಿದ.

"ಇಪ್ಪತ್ತು ವರ್ಷ" ಎಂದ. "ವಾರಕ್ಕೆ ಮೂರು ಸಲ ಈ ದಾರೀಲಿ ಹೋಗಿದೀನಿ. ಮಕ್ಕಳು ಟಾಟಾ ಮಾಡ್ತಿದ್ವು. ಆಮೇಲೆ ಅದನ್ನೂ ಬಿಟ್ವು. ಹೋಗ್ತೀಯಾ ಅಂತ ಒಂದು ದಿನಾನೂ ಯಾರೂ ನನ್ನ ಮೇಲೆ ಬಾಗಿಲು ಬಡೀಲಿಲ್ಲ ನೋಡು."

ತಮಾಷೆಯೆಂಬಂತೆ ಹೇಳಿದ. ಆದರೆ ತುಟಿಯ ಒಂದು ಕೊನೆ ಅವನ ಮಾತು ಕೇಳಲಿಲ್ಲ, ಕೆಳಗೆ ಜಾರಿತು. ಅದೇನೆಂದು ತಿಳಿಯಲು ಅವಳಿಗೆ ಯಾವ ಪರೀಕ್ಷೆಯೂ ಬೇಕಾಗಲಿಲ್ಲ. ಒಂದು ವಾರದಿಂದ ಅವಳು ಅದನ್ನೇ ಉಂಡು, ಅದನ್ನೇ ಹೊದ್ದು ಮಲಗಿದ್ದಳು. ಅವನಿಗೆ ಸಮಾಧಾನ ಹೇಳಬಹುದಿತ್ತು. ಮಗಳು ನಿಮ್ಮ ಮೇಲೆಯೂ ಬಾಗಿಲು ಬಡಿಯುತ್ತಾಳೆ, ಸ್ವಲ್ಪ ತಾಳಿ ಎನ್ನಬಹುದಿತ್ತು. ಅವಳು ಹೇಳಲಿಲ್ಲ. ಮಗಳ ಆ ಕೋಪ ಪೂರ್ತಿ ತನ್ನದು. ಅದರಲ್ಲಿ ಒಂದು ಗುಟುಕನ್ನೂ ಯಾರಿಗೂ ಕೊಡಲು ಅವಳಿಗೆ ಮನಸ್ಸಿರಲಿಲ್ಲ. ಅವನ ಭುಜದಿಂದ ಚೀಲ ಇಳಿಸಿಕೊಂಡಳು, ನಗು ಕಾಣದಂತೆ ಮಾಸ್ಕನ್ನು ಮೂಗಿನವರೆಗೆ ಎಳೆದುಕೊಂಡಳು, ವ್ಯಾನು ಹತ್ತಿ ಕಿಟಕಿಯ ಪಕ್ಕ ಕೂತು, "ನಡೀರಿ" ಎಂದಳು.